ಮೈಕ್ರೊಕಂಟ್ರೋಲರಿನಲ್ಲಿ ಗಣಕದ ಕಾರ್ಯವ್ಯವಸ್ಥೆ: ಮಿತಿ ಎಲ್ಲಿದೆ?

ವಿದ್ಯುತ್ ಮೀಟರು, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳಲ್ಲಿ ಅಡಗಿರುವ ಮೈಕ್ರೊಕಂಟ್ರೋಲರು ತನ್ನಷ್ಟಕ್ಕೆ ಒಂದು ಪುಟ್ಟ ಗಣಕವೇ. ಹಾಗಿದ್ದರೆ ಮೇಜಿನ ಗಣಕದ ಲಿನಕ್ಸ್, ವಿಂಡೋಸ್ ಮೊದಲಾದ ಕಾರ್ಯವ್ಯವಸ್ಥೆಗಳು ಅದರಲ್ಲಿ ಏಕೆ ನಡೆಯಬಾರದು? ವೇಗ ಸಾಲದೆಂಬುದು ರೂಢಿಯ ಉತ್ತರ. ಅದು ಅರ್ಧಸತ್ಯ ಮಾತ್ರ.

2012ರಲ್ಲಿ ತಂತ್ರಜ್ಞರೊಬ್ಬರು ಎಟಿಮೆಗಾ 1284ಪಿ ಎಂಬ 8 ಬಿಟ್ ಚಿಪ್‌ನಲ್ಲಿ ಲಿನಕ್ಸನ್ನು ನಡೆಸಿ ತೋರಿಸಿದರು. ಅದರೊಳಗೆ ಇರುವುದು 128 ಕಿಲೋಬೈಟ್ ಫ್ಲ್ಯಾಶ್, 16 ಕಿಲೋಬೈಟ್ ರ್‍ಯಾಮ್. ಹೊರಗಿನಿಂದ 16 ಮೆಗಾಬೈಟಿನ ಹಳೆಯ ರ್‍ಯಾಮ್ ಪಟ್ಟಿಯನ್ನೂ ಎಸ್‌ಡಿ ಕಾರ್ಡನ್ನೂ ಜೋಡಿಸಲಾಯಿತು. ಜೋಡಿಸಿದ ಮಾತ್ರಕ್ಕೆ ಕೆಲಸ ಕೈಗೂಡದು. ಡಿಸ್ಕಿನಿಂದ ಕ್ರಮವಿಧಿಗಳನ್ನು ರ್‍ಯಾಮಿಗೆ ತಂದು ನಡೆಸುವುದೇ ಕಾರ್ಯವ್ಯವಸ್ಥೆಯ ಕಸುಬು. ಈ ಚಿಪ್ ಆದರೋ ಫ್ಲ್ಯಾಶ್‌ನಲ್ಲಿ ಬರೆದಿಟ್ಟ ಆದೇಶಗಳನ್ನಲ್ಲದೆ ಬೇರೇನನ್ನೂ ಪಾಲಿಸಲಾರದು. ಆದುದರಿಂದ ಫ್ಲ್ಯಾಶ್‌ನಲ್ಲಿ ಆರ್ಮ್ ಸಂಸ್ಕಾರಕವನ್ನು ಅನುಕರಿಸುವ ಕ್ರಮವಿಧಿಯೊಂದನ್ನು ಇರಿಸಿ, ಆ ಕಲ್ಪಿತ ಗಣಕದ ಮೇಲೆ ಲಿನಕ್ಸನ್ನು ಕೂರಿಸಬೇಕಾಯಿತು. ಮೊದಲ ಆದೇಶಸೂಚಕ ಮೂಡಲು ಸುಮಾರು 2 ಗಂಟೆ. ಉಬುಂಟು ಪೂರ್ಣವಾಗಿ ಸಿದ್ಧವಾಗಲು ಮತ್ತೆ 4 ಗಂಟೆ. ಪ್ರಯೋಗ ಮೆಚ್ಚತಕ್ಕದ್ದೇ. ಅಂಥ ಗಣಕವನ್ನು ಬಳಸುವವರಾರು?

ಕಾರ್ಟೆಕ್ಸ್-ಎಂ ವರ್ಗದ 32 ಬಿಟ್ ಚಿಪ್‌ಗಳು ರ್‍ಯಾಮಿನಿಂದಲೂ ಕ್ರಮವಿಧಿಯನ್ನು ನಡೆಸಬಲ್ಲವು. ಅವುಗಳಲ್ಲಿಲ್ಲದಿರುವುದು ಎಂಎಂಯು, ಅಂದರೆ ಸ್ಮೃತಿಯ ವಿಳಾಸಗಳನ್ನು ಮಾರ್ಪಡಿಸಿಕೊಡುವ ಅಂಗ. ಪ್ರತಿಯೊಂದು ಕ್ರಮವಿಧಿಗೂ ಇಡೀ ಸ್ಮೃತಿ ತನ್ನದೊಂದರದೇ ಎಂಬ ಭ್ರಮೆಯನ್ನು ಕೊಡುವುದು ಇದೇ. ಯೂನಿಕ್ಸ್ ಪರಂಪರೆಯ ಫೋರ್ಕ್ ಎಂಬ ಕ್ರಿಯೆ, ನಡೆಯುತ್ತಿರುವ ಕ್ರಮವಿಧಿಗೆ ಅದೇ ವಿಳಾಸಗಳಲ್ಲಿ ಒಂದು ಪಡಿಯಚ್ಚನ್ನು ತೆಗೆಯುತ್ತದೆ. ಎಂಎಂಯು ಇಲ್ಲದೆಡೆ ಒಂದು ವಿಳಾಸದಲ್ಲಿ ಇಬ್ಬರಿಗೆ ಇಂಬಿಲ್ಲ. ಇಂಥ ಯಂತ್ರಗಳಿಗಾಗಿ ಹುಟ್ಟಿದ ಯುಸಿಲಿನಕ್ಸ್, ಲಿನಕ್ಸಿನ 2.6ನೆಯ ಆವೃತ್ತಿಯ ಹೊತ್ತಿಗೆ ಮೂಲದಲ್ಲಿಯೇ ಸೇರಿತು. ಆದರೆ ಅಲ್ಲಿ ಫೋರ್ಕ್ ಇಲ್ಲ. ಮರಿ ತನ್ನ ಹಾದಿ ಹಿಡಿಯುವವರೆಗೆ ತಾಯಿ ಕಾಯುವ ವಿಫೋರ್ಕ್ ಮಾತ್ರ. ಫೋರ್ಕನ್ನು ನೆಚ್ಚಿದ ಕ್ರಮವಿಧಿಗಳನ್ನು ತಿದ್ದಿ ಬರೆಯಬೇಕಾಗುತ್ತದೆ.

ಇಂಥ ಸಾಧನಗಳ ಪರದೆಗೆ ಕನ್ನಡವನ್ನು ತರಬಯಸುವವರು, ಒತ್ತಕ್ಷರಗಳ ಜೋಡಣೆಗಾಗಿ ಮೇಜಿನ ಗಣಕದ ವ್ಯವಸ್ಥೆ ಅನಿವಾರ್ಯವೆಂದು ಭಾವಿಸುವುದುಂಟು. ಬಳಕೆದಾರರು ಬರೆಯುವ ಯಾವ ಪಠ್ಯವನ್ನಾದರೂ ತೋರಿಸಬೇಕಿದ್ದರೆ ಅಕ್ಷರ ಜೋಡಣೆಯ ಕ್ರಮವಿಧಿ ಬೇಕೇ ಬೇಕು. ಮೀಟರಿನ ಸೂಚನೆಗಳು ಮೊದಲೇ ಗೊತ್ತಿರುವಂಥವು. 128 ಚುಕ್ಕೆ ಉದ್ದ, ಒತ್ತಿಗೆ ಎಡೆಯಿರುವಂತೆ 24 ಚುಕ್ಕೆ ಎತ್ತರದ ಒಂದು ಸಾಲನ್ನು ಚಿತ್ರವಾಗಿ ಇಟ್ಟರೆ ತಗಲುವುದು 384 ಬೈಟ್. ಅಂಥ 100 ಸೂಚನೆಗಳಿಗೆ 38,400 ಬೈಟ್; ಮೇಲೆ ಹೇಳಿದ 8 ಬಿಟ್ ಚಿಪ್‌ನ ಫ್ಲ್ಯಾಶ್‌ನಲ್ಲಿ ಮೂರನೆಯ ಒಂದು ಪಾಲೂ ತುಂಬುವುದಿಲ್ಲ.