ರಿಂಗ್ ಎಷ್ಟು ಸೆಕೆಂಡ್?

‘ಖಾಸಗಿ ಕಂಪನಿಗಳು ಬಂದವು, ಪೈಪೋಟಿಯಿಂದ ದರ ತಾನಾಗಿಯೇ ಇಳಿಯಿತು. ಹಾಗಿದ್ದ ಮೇಲೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ಯಾಕೆ ಬೇಕು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಉತ್ತರವಾಗಿ 2019ರ ಒಂದು ಜಗಳವನ್ನು ನೆನಪಿಸುತ್ತೇನೆ. ಫೋನು ಎಷ್ಟು ಸೆಕೆಂಡ್ ರಿಂಗಾಗಬೇಕು ಎಂಬ ಜಗಳ ಅದು!

ಆಗ ಒಂದು ಕಂಪನಿಯ ಗ್ರಾಹಕರು ಇನ್ನೊಂದು ಕಂಪನಿಯ ಮೊಬೈಲಿಗೆ ಕರೆ ಮಾಡಿದರೆ, ಮೊದಲನೆಯದು ಎರಡನೆಯದಕ್ಕೆ ನಿಮಿಷಕ್ಕೆ 6 ಪೈಸೆ ತೆರಬೇಕಿತ್ತು. ಇದೇ ಐಯುಸಿ. ಜಿಯೊ ತನ್ನ ಹೊರಹೋಗುವ ಕರೆಗಳ ರಿಂಗನ್ನು 20 ಸೆಕೆಂಡಿಗೆ ಇಳಿಸಿದೆ ಎಂದು ದೂರಿದ ಏರ್‌ಟೆಲ್, ತನ್ನದನ್ನೂ 45ರಿಂದ 25ಕ್ಕೆ ಇಳಿಸಿತು. ಅಡುಗೆಮನೆಯಲ್ಲಿದ್ದವರು ಕೈ ಒರೆಸಿಕೊಂಡು ಬರುವಷ್ಟರಲ್ಲಿ ರಿಂಗ್ ನಿಂತಿರುತ್ತದೆ. ಮಿಸ್ಡ್ ಕಾಲ್ ನೋಡಿ ಅವರೇ ತಿರುಗಿ ಮಾಡುತ್ತಾರೆ. ಕರೆಯ ದಿಕ್ಕು ಬದಲಾಯಿತು. ಕೊಡಬೇಕಿದ್ದ ಕಂಪನಿಗೇ ಈಗ 6 ಪೈಸೆ ಬಂತು. ಕೋಟ್ಯಂತರ ಕರೆಗಳಲ್ಲಿ ಇದು ಸಣ್ಣ ಮೊತ್ತವಲ್ಲ.

ಪೈಪೋಟಿ ಇದನ್ನು ಸರಿಪಡಿಸಲಾರದು. ಊರಿಗೆ ಒಂದೇ ದಾರಿ, ಆ ದಾರಿಗೊಂದು ಸುಂಕದ ಕಟ್ಟೆ ಎಂದುಕೊಳ್ಳಿ. ನಿಮ್ಮ ತಂಗಿಯ ನಂಬರಿಗೆ ಕರೆ ಮುಟ್ಟಬೇಕಾದರೆ ಅವಳ ಕಂಪನಿಯ ಕಟ್ಟೆ ದಾಟಲೇಬೇಕು. ದೇಶದಲ್ಲಿ ಹತ್ತು ಕಂಪನಿಗಳಿದ್ದರೂ ಅಷ್ಟೇ. ಸುಂಕ ತೆರುವುದು ನಿಮ್ಮ ಕಂಪನಿ. ಕಂಪನಿಯನ್ನು ಆರಿಸಿಕೊಂಡವಳು ತಂಗಿ. ಆ ಸುಂಕ ದುಬಾರಿಯೆಂದು ಅವಳೇಕೆ ಸಿಮ್ ಬದಲಿಸುತ್ತಾಳೆ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ, ಹೊರಗಿನವರೊಬ್ಬರು ದರ ಕಟ್ಟಬೇಕು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಟರ್ಮಿನೇಶನ್ ಏಕಸ್ವಾಮ್ಯ ಎನ್ನುತ್ತಾರೆ.

ಮೊಬೈಲ್ ಸೇವೆ ನಮ್ಮಲ್ಲಿ 1995ರಲ್ಲಿ ಶುರುವಾದಾಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಟ್ರಾಯ್ ಹುಟ್ಟಿದ್ದು 1997ರಲ್ಲಿ. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ, ಕರೆ ಮಾಡಿದವರೇ ಪಾವತಿಸುವ ಪದ್ಧತಿ ಬಂದಾಗ. ಆಮೇಲೆ ಐಯುಸಿಯನ್ನು ಟ್ರಾಯ್ ಇಳಿಸುತ್ತಲೇ ಹೋಯಿತು: 2009ರಲ್ಲಿ 20 ಪೈಸೆ, 2015ರಲ್ಲಿ 14, 2017ರಲ್ಲಿ 6. 2017ರ ಇಳಿಕೆಯ ಹೊತ್ತಿಗೆ ಹಳಬರು ‘ನಷ್ಟ’ ಎಂದರು, ಹೊಸದಾಗಿ ಬಂದ ಜಿಯೊ ‘ಸೊನ್ನೆ ಮಾಡಿ’ ಎಂದಿತು. ಯಾರ ಲೆಕ್ಕವನ್ನೂ ಪೂರ್ತಿ ನಂಬಬೇಕಿಲ್ಲ. ಯಾರಿಗೆ ಹೆಚ್ಚು ಕರೆ ಬರುತ್ತಿತ್ತೋ ಅವರಿಗೆ ಐಯುಸಿ ನ್ಯಾಯವಾಗಿ ಕಾಣುತ್ತಿತ್ತು, ಅಷ್ಟೇ.

ರಿಂಗ್ ಜಗಳ ಟ್ರಾಯ್ ಮುಂದೆ ಬಂತು. ಯಾರೂ ಉತ್ತರಿಸದಿದ್ದರೆ ಮೊಬೈಲು 30 ಸೆಕೆಂಡ್, ಸ್ಥಿರ ದೂರವಾಣಿ 60 ಸೆಕೆಂಡ್ ರಿಂಗಾಗಬೇಕೆಂದು 2019ರ ನವೆಂಬರ್‌ನಲ್ಲಿ ಅದು ಆದೇಶಿಸಿತು. ಐಯುಸಿ 2021ರ ಜನವರಿ 1ರಂದು ಸೊನ್ನೆಯಾಯಿತು. ಅಲ್ಲಿಂದಾಚೆಗೆ ರಿಂಗ್ ಕತ್ತರಿಸುವುದರಲ್ಲಿ ಯಾವ ಕಂಪನಿಗೂ ಲಾಭವಿಲ್ಲ.