ಶಾಲೆಯಲ್ಲಿ ಓದಿನ ಸುಖ

ಮಧ್ಯಯುಗದ ಯುರೋಪಿನಲ್ಲಿ ಗ್ರಂಥಭಂಡಾರದ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಬಿಗಿದಿಡುವ ಪದ್ಧತಿಯಿತ್ತು. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿದ್ದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದಾಗ ಮೊದಲನೆಯ ಸೂತ್ರದ ವಿವರಣೆಯಲ್ಲಿ ಈ ಸರಪಳಿಯನ್ನು ನೆನೆದರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದೇ ಆ ಸೂತ್ರ. ಇಷ್ಟು ಸಾಮಾನ್ಯವಾದ ಮಾತಿಗೆ ಸೂತ್ರದ ಪದವಿಯೇಕೆ ಎಂದು ಯಾರಿಗಾದರೂ ತೋರಬಹುದು. ಶಾಲೆಯ ಪುಸ್ತಕದ ಕಪಾಟನ್ನೂ ಅದಕ್ಕೆ ತೂಗುಬಿದ್ದ ಬೀಗವನ್ನೂ ಕಂಡವರಿಗೆ ಹಾಗೆ ತೋರದು.

ಮಕ್ಕಳು ಓದುವುದಿಲ್ಲವೆಂಬ ದೂರಿಗೆ ಪುಸ್ತಕಗಳ ಅಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಈ ಸಮಾಧಾನ ಪೂರ್ತಿ ನಿಲ್ಲುವಂಥದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಯಲ್ಲಿಯೂ ಗ್ರಂಥಾಲಯವಿರತಕ್ಕದ್ದೆಂದು ವಿಧಿಸಿ, ಕಥೆಪುಸ್ತಕಗಳನ್ನು ಹೆಸರು ಹಿಡಿದೇ ಹೇಳಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಗ್ರಂಥಾಲಯಕ್ಕೆ ವರ್ಷಕ್ಕೆ 5,000 ರೂಪಾಯಿಗಳವರೆಗೆ ಅನುದಾನವನ್ನು ಗೊತ್ತುಪಡಿಸಲಾಯಿತು. ಮೊತ್ತ ಅಲ್ಪವೇ ಹೌದು. ಕನ್ನಡದ ಮಟ್ಟಿಗಂತೂ ಓದಿಸಬಲ್ಲ ಸಾಮಗ್ರಿಗೆ ಬಡತನವಿಲ್ಲ. ಪಂಜೆ ಮಂಗೇಶರಾಯರು ಶಾಲೆಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರರಾಗಿದ್ದವರು; ಆ ಕೈಯೇ ‘ಇಲಿಗಳ ಥಕಥೈ’ಯನ್ನೂ ಬರೆಯಿತು. ಇನ್‌ಸ್ಪೆಕ್ಟರರೆಲ್ಲರೂ ಹಾಗಿದ್ದಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಶಿವರಾಮ ಕಾರಂತರ ‘ಬಾಲಪ್ರಪಂಚ’ವು 1936ರಷ್ಟು ಹಿಂದೆಯೇ ಮೂರು ಸಂಪುಟಗಳಲ್ಲಿ ಹೊರಬಂದಿತು. ಇತ್ತೀಚೆಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಿಂದ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಭಂಡಾರದಲ್ಲಿ ಕನ್ನಡದ ಕಥೆಗಳನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿಟ್ಟಿದೆ.

ಹಾಗಾದರೆ ಕಪಾಟಿನ ಬಾಗಿಲು ಮುಚ್ಚಿರುವುದೇಕೆ? ಉಪಾಧ್ಯಾಯರ ಔದಾಸೀನ್ಯವೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಪುಸ್ತಕಗಳು ದಾಸ್ತಾನು ವಹಿಯಲ್ಲಿ ಮೇಜು ಕುರ್ಚಿಗಳ ಸಾಲಿನಲ್ಲಿ ಸೇರುತ್ತವೆ. ವಹಿಗೆ ರುಜು ಹಾಕಿದವರು ಪ್ರತಿಯೊಂದು ಪ್ರತಿಗೂ ಹೊಣೆ. ಪುಸ್ತಕ ಕಳೆದರೆ ಅವರು ಉತ್ತರ ಕೊಡಬೇಕು. ಓದದೆ ಉಳಿದರೆ ಯಾರೂ ಕೇಳುವುದಿಲ್ಲ. ಇಂಥ ಸ್ಥಿತಿಯಲ್ಲಿ ವಿವೇಕಿಯಾದವನು ಬೀಗ ಹಾಕದೆ ಮತ್ತೇನು ಮಾಡಿಯಾನು?

ಲೆಕ್ಕದ ಶಾಸ್ತ್ರವು ಇಷ್ಟು ನಿಷ್ಠುರವಾಗಿದೆಯೇ ಎಂದು ನೋಡಿದರೆ, ಹಾಗೇನೂ ಇಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ಬಳಸಿದ ಪ್ರತಿ 1,000 ಪುಸ್ತಕಗಳಿಗೆ 5ರಷ್ಟು ನಷ್ಟವಾದರೆ, ಅದಕ್ಕೆ ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಕಾರಣವಲ್ಲದ ಪಕ್ಷದಲ್ಲಿ, ಸಹಜವೆಂದು ಭಾವಿಸಬಹುದೆಂದು ಅದು ಹೇಳುತ್ತದೆ. ವಿರಳ ಗ್ರಂಥಗಳಿಗೂ 1,000 ರೂಪಾಯಿಗೆ ಮೀರಿದ ಬೆಲೆಯವುಗಳಿಗೂ ಈ ರಿಯಾಯಿತಿಯಿಲ್ಲ. ಮಕ್ಕಳ ಕಥೆಪುಸ್ತಕಗಳು ಈ ಎರಡರಲ್ಲಿಯೂ ಸೇರುವುದು ಅಪರೂಪ. ರಾಜ್ಯಗಳ ಮತ್ತು ನಗರಪಾಲಿಕೆಗಳ ಶಾಲೆಗಳಿಗೆ ಅವುಗಳದೇ ನಿಯಮಗಳುಂಟು. ಆದರೆ ಇಲ್ಲಿಯ ತತ್ತ್ವ ಗಮನಾರ್ಹವಾದುದು. ನಷ್ಟದ ಪ್ರಮಾಣವನ್ನು ಕಪಾಟಿನಲ್ಲಿರುವ ಪುಸ್ತಕಗಳ ಮೇಲೆ ಕಟ್ಟಿಲ್ಲ. ಕೈಯಿಂದ ಕೈಗೆ ಹೋದವುಗಳ ಮೇಲೆ ಕಟ್ಟಿದೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ವಿನಾಯಿತಿ. ಸಾಲವನ್ನೇ ಕೊಡದ ಬ್ಯಾಂಕಿನಲ್ಲಿ ಬಾಕಿಯ ಭಯವಿಲ್ಲ, ವ್ಯವಹಾರವೂ ಇಲ್ಲ.

ಕಪಾಟು ತೆರೆದ ಮೇಲೂ ಇನ್ನೊಂದು ಬೀಗ ಉಳಿಯುತ್ತದೆ. ಅದು ಕಣ್ಣಿಗೆ ಕಾಣದು. ಮಗು ಕುವೆಂಪು ಅವರ ಕಿಂದರಿಜೋಗಿಯನ್ನು ಎದುರುಗೊಂಡು ಇನ್ನೂ ಬೆರಗಾಗಿರುವಾಗಲೇ, ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭಸಹಿತ ವಿವರಿಸಿ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಪಠ್ಯಪುಸ್ತಕದಲ್ಲಿ ಇದು ಅನಿವಾರ್ಯವಿರಬಹುದು. ಸುಖಕ್ಕಾಗಿ ಓದಬೇಕಾದ ಪುಸ್ತಕಕ್ಕೂ ಸಾರಾಂಶ, ನೀತಿ, ಲೇಖಕ ಪರಿಚಯಗಳ ತೆರಿಗೆ ಹಾಕಿದರೆ ಮಗು ಮುಂದಿನ ಸಲ ತೀರ ತೆಳ್ಳಗಿನ ಪುಸ್ತಕವನ್ನೇ ಆರಿಸೀತು.

ಜಪಾನಿನ ಚಿಬಾ ಪ್ರಾಂತ್ಯದ ಫುನಾಬಾಷಿಯ ಬಾಲಿಕಾ ಪ್ರೌಢಶಾಲೆಯೊಂದರಲ್ಲಿ ಹಯಾಶಿ ಹಿರೋಷಿ ಎಂಬ ಅಧ್ಯಾಪಕರು 1988ರಲ್ಲಿ ಈ ತೆರಿಗೆಯನ್ನು ತೆಗೆದುಹಾಕಿದರು. ಪಾಠಗಳಿಗೆ ಮೊದಲು 10 ನಿಮಿಷಗಳ ಓದು. ಅದಕ್ಕೆ ನಾಲ್ಕೇ ಕಟ್ಟಳೆಗಳು: ಎಲ್ಲರೂ ಓದಬೇಕು, ದಿನವೂ ಓದಬೇಕು, ತನಗೆ ಇಷ್ಟವಾದ ಪುಸ್ತಕವೇ ಆಗಬಹುದು, ಸುಮ್ಮನೆ ಓದಿದರೆ ಸಾಕು. ಎಲ್ಲರೂ ಎಂಬಲ್ಲಿ ಅಧ್ಯಾಪಕರೂ ಸೇರಿದರು. ಇದೇ ಬಹುಶಃ ನಾಲ್ಕರಲ್ಲಿ ಕಠಿನವಾದುದು. ಕಾಲಕ್ರಮದಲ್ಲಿ ಈ ಪದ್ಧತಿ ಆ ದೇಶದ 20,000ಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿತು. ಅಲ್ಲಿಯ ಶಾಲಾ ಗ್ರಂಥಾಲಯ ಸಂಘ ನಡೆಸುವ ಸಮೀಕ್ಷೆಯಂತೆ, ಒಂದು ತಿಂಗಳಲ್ಲಿ ಒಂದೂ ಪುಸ್ತಕ ಓದದ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳು 2000ದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚಿದ್ದರು. 2019ರಲ್ಲಿ 15ಕ್ಕಿಂತ ಕಡಿಮೆಯಾದರು. ಇದರ ಯಶಸ್ಸೆಲ್ಲವೂ ಹತ್ತು ನಿಮಿಷಗಳದೇ ಅಲ್ಲ. ಮಕ್ಕಳ ಓದಿನ ಉತ್ತೇಜನಕ್ಕಾಗಿ 2001ರಲ್ಲಿ ಅಲ್ಲಿ ಕಾನೂನೂ ಆಯಿತು. ಮೇಲಿನ ತರಗತಿಗಳಿಗೆ ಬಂದವರಲ್ಲಿ ಅರ್ಧಕ್ಕೂ ಮಿಕ್ಕವರು ಇಂಥ ತಿಂಗಳಲ್ಲಿ ಏನನ್ನೂ ಓದಲಿಲ್ಲವೆಂಬುದನ್ನೂ ಮರೆಯಬಾರದು. ಪ್ರವೇಶಪರೀಕ್ಷೆ ಅಲ್ಲಿಯೂ ಉಂಟು.

ಸುಖದ ಓದು ಪರೀಕ್ಷೆಗೆ ಅಡ್ಡಿಯೆಂದು ಭಯಪಡುವ ತಂದೆತಾಯಿಗಳಿಗೆ ಒಂದು ಅಂಕಿ ಸಾಕು. 15 ವರ್ಷದವರಿಗಾಗಿ 2000ದಲ್ಲಿ ನಡೆದ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, ತಂದೆತಾಯಿಗಳ ಉದ್ಯೋಗಸ್ಥಾನ ಅತ್ಯಂತ ಕೆಳಗಿದ್ದರೂ ಓದಿನಲ್ಲಿ ಆಸಕ್ತಿಯಿಂದ ತೊಡಗಿದ್ದವರು ಸರಾಸರಿ 540 ಅಂಕ ಪಡೆದರು. ಉನ್ನತಸ್ಥಾನದವರ ಮಕ್ಕಳಾಗಿದ್ದೂ ಓದಿಗೆ ವಿಮುಖರಾಗಿದ್ದವರಿಗೆ ಬಂದುದು 491. ಆಸಕ್ತಿಯಿಂದ ಅಂಕ ಬಂದಿತೋ, ಚೆನ್ನಾಗಿ ಓದಬಲ್ಲವರಿಗೇ ಆಸಕ್ತಿ ಮೂಡಿತೋ ಎಂಬುದನ್ನು ಈ ಲೆಕ್ಕ ತೀರ್ಮಾನಿಸಲಾರದು. ಅಡ್ಡಿಯಂತೂ ಆಗಲಿಲ್ಲ.

ಹೊರನಾಡಿನಲ್ಲಿ ಈ ವಿಷಯಕ್ಕೆ ಬೇರೆಯೇ ತೂಕವಿದೆ. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಧಾರವಾಡದ ಮಗು ಅಂಗಡಿಯ ಹಲಗೆಯಲ್ಲಿ, ಬಸ್ಸಿನ ಹಣೆಯಲ್ಲಿ, ಪೊಟ್ಟಣ ಕಟ್ಟಿದ ಪತ್ರಿಕೆಯ ಚೂರಿನಲ್ಲಿ ಪರೀಕ್ಷೆಯ ಹಂಗಿಲ್ಲದ ಕನ್ನಡವನ್ನು ಕಾಣುತ್ತದೆ. ಮುಂಬಯಿಯ ಮಗುವಿಗೆ ಅಚ್ಚಾದ ಕನ್ನಡವೆಂದರೆ ಪಠ್ಯಪುಸ್ತಕವೊಂದೇ. ಶಾಲೆ ಮುಗಿದ ದಿನ ಅದನ್ನು ರದ್ದಿಗೆ ಹಾಕಿದರೆ ಲಿಪಿಯೂ ಅದರೊಡನೆ ಹೋಗುತ್ತದೆ.

ಕನ್ನಡ ಸಂಘಗಳು ಇಲ್ಲಿ ಮಾಡಬಹುದಾದ ಕೆಲಸಕ್ಕೆ ಭಾಷಣಗಳ ಅಗತ್ಯವಿಲ್ಲ. 100 ಮಕ್ಕಳ ಶಾಲೆಯೊಂದರಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ 2 ಪುಸ್ತಕ ಒಯ್ದರೆ 10 ತಿಂಗಳಿಗೆ 2,000 ಎರವಲು. ಮೇಲೆ ಹೇಳಿದ ಪ್ರಮಾಣದಲ್ಲಿ ಕಳೆಯಬಹುದಾದವು 10. ಪುಸ್ತಕಕ್ಕೆ 60 ರೂಪಾಯಿ ಹಿಡಿದರೆ 600 ರೂಪಾಯಿ. ಮಕ್ಕಳು ಮಕ್ಕಳೇ ಆದುದರಿಂದ ಇದರ ಐದರಷ್ಟು ಕಳೆದೀತೆಂದು ಎಣಿಸಿದರೂ 3,000. ಈ ನಷ್ಟವನ್ನು ವರ್ಷವರ್ಷವೂ ತಾನು ತುಂಬಿಕೊಡುವುದಾಗಿ ಸಂಘವು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟು, ಆ ಮೇಲೆ ಕಪಾಟಿನ ಬೀಗದ ಕೈಯನ್ನು ಕೇಳಬಹುದು.