ಆಟಕ್ಕೆ ಸಿಕ್ಕ ಬೂದಿದಿಬ್ಬ

ಭಾನುವಾರ ನಮ್ಮ ಗೆಳೆಯರ ಗುಂಪಿನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತರಹದ ಆಟ. ದಾಳ ಉರುಳಿಸುವವರು ಅವರು, ಕಥೆ ಕಟ್ಟುವವನು ನಾನು. ಈ ಸಲ ನಮ್ಮ ಸೀಮೆಯದೇ ಕಥೆ ಬೇಕೆಂದು ಹಟ ಹಿಡಿದರು.

ಮೊದಲು ತೆರೆದದ್ದು 1900ರಲ್ಲಿ ಬಂದ ರಾಬರ್ಟ್ ಸೀವೆಲ್ ಪುಸ್ತಕ. ಪೇಸ್, ನ್ಯೂನಿಜ್ ಬರೆದಿಟ್ಟ ವಿಜಯನಗರ ಅದರಲ್ಲಿದೆ. ಆದರೆ ಹಂಪಿ ಪಕ್ಕದಲ್ಲೇ ಬೆಳೆದವರಿಗೆ ಅದರಲ್ಲಿ ಕುತೂಹಲ ಎಲ್ಲಿಂದ ಬರಬೇಕು?

ಗಾದಿಗನೂರಿನಿಂದ ಬಳ್ಳಾರಿಯ ಕಾಲೇಜಿಗೆ ಹೋಗುವಾಗ ಕುಡತಿನಿ ಸಿಗುತ್ತದೆ. ಅಲ್ಲೊಂದು ಬೂದಿದಿಬ್ಬ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿ ಅದು. ಎರಡು ವರ್ಷ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾ ಅದನ್ನು ದಾಟಿದ್ದೇನೆ! ಯಾಕೆ ಸುಟ್ಟರು ಎಂಬುದರಲ್ಲಿ ಪಂಡಿತರಿಗೂ ಒಮ್ಮತವಿಲ್ಲ. ಆ ಪ್ರಶ್ನೆಯನ್ನೇ ಆಟದಲ್ಲಿಟ್ಟೆ. ರಾತ್ರಿ ಹನ್ನೊಂದಾದರೂ ಯಾರೂ ಏಳಲಿಲ್ಲ.

‘ಇದು ಖರೇನಾ, ನೀನೇ ಕಟ್ಟಿದ್ದಾ?’ ಎಂದ ಒಬ್ಬ. ತಡವರಿಸಿದೆ. ಈಗ ನೋಟ್‌ಬುಕ್ಕಿನಲ್ಲಿ ಓದಿದ್ದು ನೀಲಿ ಇಂಕಿನಲ್ಲಿ, ಕಟ್ಟಿದ್ದು ಕೆಂಪಿನಲ್ಲಿ. ಸದ್ಯಕ್ಕೆ ಕೆಂಪೇ ಜಾಸ್ತಿ.